ಸೋಡಾಬುಡ್ಡಿ, ಲೇಸರ್ ಮತ್ತು ಟರ್ಕಿ ಕೋಳಿ

ನಮ್ಮೂರಿನ ಶಾಲೆಯಲ್ಲಿ ಕನ್ನಡಕ ಹಾಕ್ತಿದ್ದವನು ನಾನೊಬ್ಬನೇ. ಹಾಗಾಗಿ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ನನ್ನ ಹೆಸರು ಎಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಸೋಡಾಬುಡ್ಡಿ. ಬಿಇ ಮುಗಿಸಿ, ಬೆಂಗಳೂರು ಸೇರಿ, ಕೈಯಲ್ಲಿ ನಾಲ್ಕು ಕಾಸು ಆದಮೇಲೆ ಲೇಸರ್ ಮಾಡಿಸಿಕೊಂಡು ಇದಕ್ಕೊಂದು ಗತಿ ಕಾಣಿಸಬೇಕು ಅಂತ ತೀರ್ಮಾನಿಸಿದೆ. "ಶುಕ್ರವಾರ ಮಾಡಿಸು, ಸೋಮವಾರ ಆಫೀಸಿಗೆ ಬಾ" ಅಂತ ಟೀಮಿನವರು ಧೈರ್ಯ ಹೇಳಿದರು. ರಜೆ ಹಾಕಿ ಹೋದೆ. ಎರಡು ಗಂಟೆ ಪರೀಕ್ಷೆ ಮಾಡಿದ ಡಾಕ್ಟರಮ್ಮ ಹೇಳಿದ್ದು ಇಷ್ಟೇ: "ನಿಮಗೆ ಇದು ಬೇಡ. ಕಾರ್ನಿಯಾ ತೆಳು ಇದೆ, ಕೆಳಗಡೆ ಸ್ವಲ್ಪ ಉಬ್ಬಿದ ಹಾಗೂ ಇದೆ."

ಸಿಟ್ಟು ಬಂತು. ದುಡ್ಡು ಇಟ್ಟುಕೊಂಡು ಹೋದವನನ್ನೇ ವಾಪಸ್ ಕಳಿಸ್ತಾರಲ್ಲ! ಆ ಸಿಟ್ಟಿನಲ್ಲೇ ಈ ಆಪರೇಷನ್ನಿನ ಹಿಂದಿನ ಕಥೆ ಓದೋಕೆ ಕೂತೆ.

ಕಣ್ಣಿನ ಮುಂದೆ ವಾಚಿನ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದ್ದೇ. ಮೈನಸ್ ನಂಬರಿನವರಲ್ಲಿ ಬೆಳಕು ರೆಟಿನಾಗೆ ಮುಟ್ಟುವ ಮೊದಲೇ ಒಂದುಗೂಡಿಬಿಡುತ್ತೆ. ಕಾರ್ನಿಯಾವನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಅದು ಸರಿಯಾದ ಜಾಗಕ್ಕೆ ಬೀಳುತ್ತೆ. ಹೇಳೋಕೆ ಸುಲಭ. ಚಪ್ಪಟೆ ಮಾಡೋದು ಹೇಗೆ?

ಜಪಾನಿನ ತ್ಸುತೊಮು ಸಾಟೊ 1930ರ ದಶಕದ ಕೊನೆಯಿಂದ ಚಾಕುವಿನಲ್ಲಿ ಪ್ರಯತ್ನಿಸಿದರು. ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಕಾರ್ನಿಯಾದ ಮೇಲೆ ಗೀರು, ಒಳಮೈಯಲ್ಲೂ ಗೀರು. ನಂಬರ್ ಇಳಿಯಿತು, ರೋಗಿಗಳಿಗೆ ಖುಷಿ. ಆದರೆ ಒಳಮೈಯಲ್ಲಿರುವ ಜೀವಕೋಶಗಳು ಸದಾ ನೀರನ್ನು ಹೊರಹಾಕ್ತಾ ಕಾರ್ನಿಯಾವನ್ನು ತಿಳಿಯಾಗಿ ಇಡುತ್ತವೆ, ಸತ್ತರೆ ಮತ್ತೆ ಹುಟ್ಟೋದಿಲ್ಲ ಅನ್ನೋದು ಆಗ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ರೋಗಿಗಳಲ್ಲಿ ಅನೇಕರ ಕಾರ್ನಿಯಾ ನೀರು ತುಂಬಿ ಊದಿಕೊಂಡು ಮಂಜಾಯಿತು. ರಿಲೀಸ್ ದಿನ ಎಲ್ಲ ಹಸಿರು ತೋರಿಸಿದ್ದ ಕೋಡ್, ವರ್ಷಗಳ ಮೇಲೆ ಕುಸಿದುಬಿದ್ದ ಹಾಗೆ.

ಕೊಲಂಬಿಯಾದ ಬೊಗೋಟಾದಲ್ಲಿ ಹೋಸೆ ಬರಾಕೆರ್ ಹಿಡಿದದ್ದು ಬೇರೆ ದಾರಿ. ಕಾರ್ನಿಯಾದ ಮೇಲಿನ ಪದರವನ್ನು ಬಿಲ್ಲೆಯ ಹಾಗೆ ಕತ್ತರಿಸಿ ತೆಗೆದು, ಹೆಪ್ಪುಗಟ್ಟಿಸಿ, ಲೇತ್ ಮೆಷಿನ್ನಿನಲ್ಲಿ ಕಡೆದು, ವಾಪಸ್ ಹೊಲಿಯೋದು! ಮಾಸ್ಕೋದಲ್ಲಿ 1970ರ ದಶಕದಲ್ಲಿ ಸ್ವ್ಯಾಟೊಸ್ಲಾವ್ ಫ್ಯೋಡೊರೊವ್ ಸಾಟೊ ಅವರ ಒಳಗೀರು ಬಿಟ್ಟು ಮೇಲ್ಗೀರು ಮಾತ್ರ ಉಳಿಸಿಕೊಂಡರು. ಎಲ್ಲಿ ಮುಟ್ಟಬಾರದು ಅನ್ನೋದನ್ನು ಕಲಿತದ್ದೇ ಅಲ್ಲಿ ಮುನ್ನಡೆ. ಆದರೂ ಕೈ ಕೈಯೇ, ಚಾಕು ಚಾಕುವೇ.

ಕಥೆ ತಿರುಗಿದ್ದು ಆಸ್ಪತ್ರೆಯಲ್ಲಲ್ಲ, ಕಂಪ್ಯೂಟರ್ ಕಂಪನಿಯಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿರುವ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಮದ್ರಾಸಿನಲ್ಲಿ ಹುಟ್ಟಿ ಓದಿದ ರಸಾಯನಶಾಸ್ತ್ರಜ್ಞ ರಂಗಸ್ವಾಮಿ ಶ್ರೀನಿವಾಸನ್ ಇದ್ದರು. ಅವರು ಮತ್ತು ಜೊತೆಗಾರರಾದ ಸ್ಯಾಮ್ಯುಯೆಲ್ ಬ್ಲಮ್, ಜೇಮ್ಸ್ ವಿನ್ ಕೈಯಲ್ಲಿ ಎಕ್ಸೈಮರ್ ಅನ್ನೋ ಹೊಸ ಅಲ್ಟ್ರಾವಯಲೆಟ್ ಲೇಸರ್ ಇತ್ತು, ಅದು ಪ್ಲಾಸ್ಟಿಕ್ಕನ್ನು ಬಲು ನಾಜೂಕಾಗಿ ಕೆತ್ತುತ್ತಿತ್ತು. ಜೀವ ಇರುವ ವಸ್ತುವನ್ನೂ ಹೀಗೇ ಕೆತ್ತಬಹುದಾ? 1981ರ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಮನೆಯ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡನ್ನು ಶ್ರೀನಿವಾಸನ್ ಲ್ಯಾಬಿಗೆ ತಂದರು. ಹಸಿರು ಲೇಸರ್ ಹಾಯಿಸಿ ನೋಡಿದಾಗ ಸುಟ್ಟು ಕರಕಲು. 193 ನ್ಯಾನೋಮೀಟರಿನ ಎಕ್ಸೈಮರ್ ಮಾತ್ರ ಅಂಚು ಕೂಡ ಕಂದದ ಹಾಗೆ ಕೊರೆದಿತ್ತು.

ಕಾರಣ ಇಷ್ಟೇ. ಈ ಬೆಳಕು ಅಂಗಾಂಶದ ಅಣುಗಳ ಬಂಧವನ್ನೇ ಮುರಿದು ಹಾಕುತ್ತೆ. ಚೂರುಗಳು ಬಿಸಿಯನ್ನೂ ಹೊತ್ತುಕೊಂಡು ಹಾರಿಹೋಗುತ್ತವೆ, ಪಕ್ಕದ ಅಂಗಾಂಶಕ್ಕೆ ಬಿಸಿ ಮುಟ್ಟೋದಿಲ್ಲ. ಒಂದು ಮಿಂಚಿಗೆ ಹೋಗೋದು ಒಂದು ಮೈಕ್ರಾನಿನ ಕಾಲು ಭಾಗದಷ್ಟು. 1983ರಲ್ಲಿ ಕಣ್ಣಿನ ಡಾಕ್ಟರ್ ಸ್ಟೀವನ್ ಟ್ರೋಕೆಲ್ ಶ್ರೀನಿವಾಸನ್ ಜೊತೆ ಸೇರಿ ಇದನ್ನು ದನದ ಕಣ್ಣಿನ ಮೇಲೆ ಪರೀಕ್ಷಿಸಿದರು. 1988ರಲ್ಲಿ ಮಾರ್ಗರೀಟ್ ಮೆಕ್‌ಡೊನಾಲ್ಡ್ ದೃಷ್ಟಿಯಿದ್ದ ಮನುಷ್ಯರ ಕಣ್ಣಿಗೆ ಈ ಲೇಸರ್ ಚಿಕಿತ್ಸೆ ಮಾಡಿದರು. ಕ್ಯಾನ್ಸರಿನಿಂದ ಹೇಗೂ ತೆಗೆಯಬೇಕಿದ್ದ ತನ್ನ ಕಣ್ಣನ್ನು ಒಬ್ಬ ಮಹಿಳೆ ತಾನಾಗಿ ಮುಂದೆ ಬಂದು ಪ್ರಯೋಗಕ್ಕೆ ಕೊಟ್ಟಿದ್ದರು. ಓದ್ತಾ ಇಲ್ಲಿ ಸ್ವಲ್ಪ ಹೊತ್ತು ನಿಂತೆ. ನಮ್ಮ "ಶುಕ್ರವಾರ ಮಾಡಿಸು" ಹಿಂದೆ ಆ ತಾಯಿಯೂ ಇದ್ದಾಳೆ.

ಆಮೇಲೆ ಕಾರ್ನಿಯಾದ ಮೇಲಿನ ಪದರವನ್ನು ಪುಸ್ತಕದ ಪುಟದ ಹಾಗೆ ಮಗುಚಿ, ಅಡಿಯಲ್ಲಿ ಕೆತ್ತಿ, ಮತ್ತೆ ಮುಚ್ಚುವ ವಿಧಾನ ಬಂತು. ಗ್ರೀಸ್‌ನ ಕ್ರೀಟ್ ದ್ವೀಪದ ಇಯೊನ್ನಿಸ್ ಪಲ್ಲಿಕಾರಿಸ್ ಇದಕ್ಕೆ ರೂಪ ಕೊಟ್ಟವರಲ್ಲಿ ಮುಖ್ಯರು. ಇದೇ ಲೇಸಿಕ್. ನೋವು ಕಡಿಮೆ, ಮಾರನೇ ದಿನವೇ ನೋಟ. ಊರೆಲ್ಲ ಮಾಡಿಸಿಕೊಂಡಿತು.

ಆಗ ಕಾರ್ನಿಯಾ ಇನ್ನೊಂದು ಪಾಠ ಹೇಳಿತು. 1998ರಲ್ಲಿ ಥಿಯೋ ಝೈಲರ್ ಮತ್ತು ಜೊತೆಗಾರರು ಲೇಸಿಕ್ ಆದ ಕೆಲವು ಕಣ್ಣುಗಳಲ್ಲಿ ಕಾರ್ನಿಯಾ ನಿಧಾನಕ್ಕೆ ಮುಂದಕ್ಕೆ ಉಬ್ಬುತ್ತಿರುವುದನ್ನು ವರದಿ ಮಾಡಿದರು. ತೆಳುವಾದ ಗೋಡೆ ಒಳಗಿನ ಒತ್ತಡ ತಡೆಯಲಿಲ್ಲ. ಅಲ್ಲಿಂದ ಮುಂದೆ ಕೆತ್ತೋದಕ್ಕಿಂತ ಅಳೆಯೋದು ಮುಖ್ಯವಾಯಿತು.

ನನ್ನ ಲೆಕ್ಕ ನಾನೇ ಹಾಕಿ ನೋಡಿದೆ. ಕಾರ್ನಿಯಾ 470 ಮೈಕ್ರಾನ್. ಮಗುಚುವ ಪದರಕ್ಕೆ 110. ಮೈನಸ್ ಆರು ತೆಗೆಯೋಕೆ, ಆರು ಮಿಲಿಮೀಟರ್ ಅಗಲಕ್ಕೆ, ಸುಮಾರು 72. ಉಳಿಯೋದು 288. ಕನಿಷ್ಠ 250 ಉಳಿಸಿ ಅನ್ನೋದು ಹಳೇ ನಿಯಮ. ಲೆಕ್ಕದಲ್ಲಿ ನಾನು ಪಾಸು! ಆದರೆ ಕೆಳಗಡೆ ಆಗಲೇ ಉಬ್ಬಿದ ಗೋಡೆಗೆ ಈ ಲೆಕ್ಕ ಅನ್ವಯಿಸೋದಿಲ್ಲ. ಡಾಕ್ಟರಮ್ಮ ನೋಡಿದ್ದು ನಂಬರನ್ನಲ್ಲ, ಆಕಾರವನ್ನು.

ಸಾಟೊ ಅವರ ರೋಗಿಗಳಿಗೆ ಬೇಡ ಅನ್ನೋರು ಯಾರೂ ಇರಲಿಲ್ಲ, ಯಾಕಂದ್ರೆ ಯಾವಾಗ ಬೇಡ ಅನ್ನಬೇಕು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ನನಗೆ ಸಿಕ್ಕ ಆ ಒಂದು "ಬೇಡ" ತಯಾರಾಗೋಕೆ ಅರವತ್ತು ವರ್ಷ ಮತ್ತು ಎಷ್ಟೋ ಜನರ ಕಣ್ಣು ಹಿಡಿದಿದೆ. ನೀವು ಮಾಡಿಸಿಕೊಳ್ಳೋಕೆ ಹೊರಟಿದ್ದರೆ ಖಂಡಿತ ಹೋಗಿ. ಆಫರ್ ಎಷ್ಟು ಅಂತ ಕೇಳೋ ಮೊದಲು ದಪ್ಪ ಎಷ್ಟು, ಆಕಾರ ಹೇಗಿದೆ ಅಂತ ಕೇಳಿ.

ವಾಪಸ್ ಬರ್ತಾ ದಾರಿಯಲ್ಲಿ ಹೊಸ ಫ್ರೇಮ್ ತಗೊಂಡೆ. ಊರಿಗೆ ಹೋದಾಗ ಹಳೇ ಗೆಳೆಯರು ಈಗಲೂ ಸೋಡಾಬುಡ್ಡಿ ಅಂತಲೇ ಕರೀತಾರೆ. ಕರೀಲಿ ಬಿಡಿ. ಅವರ ಮುಖ ನನಗೆ ಸ್ಪಷ್ಟವಾಗಿ ಕಾಣ್ತಿದೆ.