ಕೋಠಿಯ ಎರಡು ರೂಪಾಯಿಗಳು

ಹೈದರಾಬಾದಿನ ಕೋಠಿಗೆ ಆ ಹೆಸರು ತಂದದ್ದು ಬ್ರಿಟಿಷ್ ರೆಸಿಡೆನ್ಸಿಯ ಬಂಗಲೆ. ಸುತ್ತಲಿನ ರೆಸಿಡೆನ್ಸಿ ಬಜಾರಿನಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ಆಡಳಿತ. 1933ರಲ್ಲಿ ಆ ಬಜಾರು ನಿಜಾಮರಿಗೆ ಮರಳಿ ಸುಲ್ತಾನ್ ಬಜಾರ್ ಆಯಿತು. ಅಲ್ಲಿಯತನಕ ಒಂದೇ ಊರು, ಎರಡು ಕಾನೂನು. ನಾಣ್ಯವೂ ಎರಡು: ನಿಜಾಮರ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ್.

ಈ ಎರಡು ಕಾನೂನುಗಳ ಅಂಚಿನಲ್ಲೇ ಬೆಳೆದದ್ದು 1814ರಲ್ಲಿ ಹುಟ್ಟಿದ ವಿಲಿಯಂ ಪಾಮರ್ ಕಂಪನಿ. ದೇಶೀ ಅರಸರಿಗೆ ಯುರೋಪಿಯನ್ನರು ಸಾಲ ಕೊಡಬಾರದೆಂಬ ಕಾನೂನಿತ್ತು. ಕಂಪನಿ 1816ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್‌ನಿಂದ ವಿನಾಯಿತಿ ಪಡೆದು ನಿಜಾಮರ ಸರ್ಕಾರಕ್ಕೆ ಭಾರಿ ಬಡ್ಡಿಗೆ ಸಾಲ ಕೊಟ್ಟಿತು. ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫ್ ಇದನ್ನು ವಿರೋಧಿಸಿದ. ವಿನಾಯಿತಿ ಹೋಯಿತು, ಕಂಪನಿ ದಿವಾಳಿಯಾಯಿತು.

ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರಿನ ಸಂತೆಗಳಲ್ಲೂ ಹಾಲಿಯೇ ಓಡುತ್ತಿತ್ತು. 1947ರ ಕೊನೆಗೆ ನಿಜಾಮರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಭಾರತದ ರೂಪಾಯಿಯ ಚಲಾವಣೆಗೆ ತಡೆಹಾಕಿತು. ದೆಹಲಿ ಅದನ್ನು ನಿಜಾಮರೊಂದಿಗಿನ ಯಥಾಸ್ಥಿತಿ ಒಪ್ಪಂದದ ಉಲ್ಲಂಘನೆ ಎಂದಿತು. ಹೈದರಾಬಾದು ಭಾರತದಲ್ಲಿ ವಿಲೀನವಾದ ಬಳಿಕ ಸರದಿ ತಿರುಗಿತು: ಏಳು ಹಾಲಿಗೆ ಆರು ರೂಪಾಯಿಯ ದರದಲ್ಲಿ ಹಳೆಯ ನಾಣ್ಯವನ್ನೇ ಹಿಂತೆಗೆದುಕೊಳ್ಳಲಾಯಿತು.

ಪಾಮರ್ ಕಂಪನಿಯಂತೆ ಇಂದಿನ ಕ್ರಿಪ್ಟೊ ವ್ಯಾಪಾರಿಗಳೂ ಕಾನೂನಿನ ಅಂಚು ಹುಡುಕುತ್ತಾರೆ, ವಿನಾಯಿತಿ ಕೇಳುತ್ತಾರೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ಅವರಿಗೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. ಕೆಲವರು ಬ್ಯಾಂಕನ್ನು ಬಿಟ್ಟು ವ್ಯಕ್ತಿಯಿಂದ ವ್ಯಕ್ತಿಗೆ ನೇರ ವಿನಿಮಯಕ್ಕೆ ಇಳಿದರು. ಬೆಂಗಳೂರಿನ ಮಾಲ್‌ನಲ್ಲಿ ಕ್ರಿಪ್ಟೊ ವ್ಯವಹಾರಕ್ಕೆ ನಗದು ಯಂತ್ರವಿಟ್ಟ ಕಂಪನಿಯ ಮೇಲೆ ಪೊಲೀಸರು ಅದೇ ವರ್ಷದ ಅಕ್ಟೋಬರಿನಲ್ಲಿ ಕ್ರಮ ಕೈಗೊಂಡರು. ಉದ್ಯಮದ ಸಂಘ ಕೋರ್ಟಿಗೆ ಹೋಗಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಮಾಡಿತು. 2022ರಿಂದ ಸರ್ಕಾರ ನಿಷೇಧದ ಬದಲು ಲಾಭದ ಮೇಲೆ ಶೇಕಡಾ 30ರ ತೆರಿಗೆ ವಿಧಿಸುತ್ತಿದೆ.