ಸೇಬಿನ ಮೇಲೆ ಕವಲೊಡೆದ ನೊಣ

ಹೊಸ ಪ್ರಭೇದ ಹುಟ್ಟೋಕೆ ನಡುವೆ ಬೆಟ್ಟವೋ ಸಮುದ್ರವೋ ಅಡ್ಡ ಬರಲೇಬೇಕಾ? ಈ ಪುಟ್ಟ ನೊಣದ ಕಥೆ ಕೇಳಿ.

ಉತ್ತರ ಅಮೆರಿಕದ ಈ ನೊಣ ಮೊದಲು ಮೊಟ್ಟೆ ಇಡ್ತಿದ್ದದ್ದು ಹಾಥಾರ್ನ್ ಅನ್ನೋ ಮುಳ್ಳುಮರದ ಹಣ್ಣಲ್ಲಿ. 17ನೇ ಶತಮಾನದಲ್ಲಿ ಯುರೋಪಿನ ವಲಸಿಗರು ಅಲ್ಲಿಗೆ ಸೇಬು ತಂದರು. 19ನೇ ಶತಮಾನದ ನಡುವಿನ ಹೊತ್ತಿಗೆ ನೊಣ ಸೇಬಿನ ತೋಟಕ್ಕೂ ಕಾಟ ಕೊಡೋಕೆ ಶುರು ಮಾಡ್ತು.

1860ರ ದಶಕದಲ್ಲಿ ಇಲಿನಾಯ್‌ನ ಕೀಟತಜ್ಞ ಬೆಂಜಮಿನ್ ವಾಲ್ಶ್ ಒಂದು ಮಾತು ಹೇಳಿದರು: ತಿನ್ನೋ ಗಿಡ ಬದಲಾದರೆ ಸಾಕು, ಒಂದೇ ಊರಲ್ಲಿದ್ದೂ ಪ್ರಭೇದ ಎರಡಾಗಬಹುದು. 20ನೇ ಶತಮಾನದ ದಿಗ್ಗಜ ಎರ್ನ್ಸ್ಟ್ ಮಾಯರ್ ಇದನ್ನು ಒಪ್ಪಲಿಲ್ಲ. ಜಾಗ ಬೇರೆಯಾಗದೆ ಪ್ರಭೇದ ಬೇರೆಯಾಗೋದು ಕಷ್ಟ ಅನ್ನೋದು ಅವರ ವಾದ.

ಆದರೆ ಇಲ್ಲಿ ಗೋಡೆ ಕಟ್ಟಿದ್ದು ಕಾಲ. ಈ ನೊಣಗಳು ಕೂಡೋದು ಮೊಟ್ಟೆ ಇಡುವ ಹಣ್ಣಿನ ಮೇಲೆಯೇ. ಸೇಬು ಮೂರ್ನಾಲ್ಕು ವಾರ ಮೊದಲೇ ಹಣ್ಣಾಗುತ್ತೆ, ನೊಣ ಬದುಕೋದು ಸುಮಾರು ಒಂದು ತಿಂಗಳು. ಪಕ್ಕದ ಮರದಲ್ಲೇ ಇದ್ದರೂ ಭೇಟಿ ಅಪರೂಪ! 1988ರಲ್ಲಿ ಎರಡೂ ಗುಂಪುಗಳ ನಡುವೆ ಜೀನ್ ವ್ಯತ್ಯಾಸವೂ ಪತ್ತೆಯಾಯ್ತು.

ಇನ್ನೂ ಪೂರ್ತಿ ಬೇರೆಯಾಗಿಲ್ಲ, ಅಲ್ಪಸ್ವಲ್ಪ ಬೆರಕೆ ನಡೀತಾನೇ ಇದೆ. ಈ ನೊಣದ ಬೆಲೆ ಇರೋದೇ ಅಲ್ಲಿ. ಸಾಮಾನ್ಯವಾಗಿ ನಮಗೆ ಸಿಗೋದು ಕವಲೊಡೆದು ಮುಗಿದ ಪ್ರಭೇದಗಳು. ಇಲ್ಲಿ ಕವಲೊಡೆಯೋದೇ ಕಣ್ಣಿಗೆ ಬೀಳುತ್ತೆ.