ಬೆಕ್ಕಿನ ಮರಿಯೂ ಒಂದು ಅಮಾನತ್ತು

ಅತ್ಯಧಿಕ ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಯನ್ನು ಮುಸ್ಲಿಮ್ ಲೋಕವು ಗುರುತಿಸುವುದು ಅವರ ಹೆತ್ತವರು ಇಟ್ಟ ಹೆಸರಿನಿಂದಲ್ಲ, ಒಂದು ಬೆಕ್ಕಿನ ಮರಿಯ ನೆಪದಲ್ಲಿ ಬಂದ ಹೆಸರಿನಿಂದ. ಯಮನ್‌ನ ದೌಸ್ ಗೋತ್ರದ ಅವರು ಮನೆಯವರ ಕುರಿಗಳನ್ನು ಮೇಯಿಸುತ್ತಿದ್ದರು. ಅವರ ಬಳಿ ಒಂದು ಪುಟ್ಟ ಬೆಕ್ಕಿತ್ತು. ರಾತ್ರಿ ಅದನ್ನು ಮರದ ಮೇಲಿರಿಸಿ, ಹಗಲು ತನ್ನೊಂದಿಗೆ ಕೊಂಡೊಯ್ಯುತ್ತಿದ್ದರು. ಜನರು ಅವರನ್ನು ಅಬೂಹುರೈರಾ (ರ), ಅಂದರೆ ಪುಟ್ಟ ಬೆಕ್ಕಿನ ತಂದೆ ಎಂದು ಕರೆದರು. ಇದನ್ನು ಇಮಾಮ್ ತಿರ್ಮಿದಿ ದಾಖಲಿಸಿದ್ದಾರೆ.

ಇನ್ನೊಂದು ಘಟನೆ ಮದೀನಾದ್ದು. ಅಬೂ ಕತಾದಾ (ರ) ಅವರಿಗೆ ಸೊಸೆ ಕಬ್ಶಾ (ರ) ವುಝೂವಿಗೆ ನೀರು ಸಿದ್ಧಪಡಿಸಿದ್ದರು. ಅಷ್ಟರಲ್ಲಿ ಬೆಕ್ಕೊಂದು ಕುಡಿಯಲು ಬಂತು. ಮಾವ ಅದನ್ನು ಓಡಿಸಲಿಲ್ಲ. ಕುಡಿಯಲು ಅನುಕೂಲವಾಗುವಂತೆ ಪಾತ್ರೆಯನ್ನೇ ಬಾಗಿಸಿದರು. ಸೊಸೆಯ ಅಚ್ಚರಿಯನ್ನು ಕಂಡು, ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಸುತ್ತಾಡುವ ಜೀವಿಗಳಲ್ಲೊಂದು ಎಂದು ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದನ್ನು ತಿಳಿಸಿದರು.

ಆದರೆ ಇಸ್ಲಾಮ್ ಅಕ್ಕರೆಯ ಬಳಿಗೇ ನಿಲ್ಲುವುದಿಲ್ಲ, ಹೊಣೆಯನ್ನೂ ಹೊರಿಸುತ್ತದೆ. ಬೆಕ್ಕನ್ನು ಕೂಡಿಹಾಕಿ ಕೊಂದ ಸ್ತ್ರೀಯೊಬ್ಬಳು ನರಕಕ್ಕೆ ಅರ್ಹಳಾದುದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿವೆ. ಅವಳ ಅಪರಾಧಕ್ಕೆ ಎರಡು ಮುಖಗಳಿದ್ದವು: ತಾನೂ ಉಣಿಸಲಿಲ್ಲ, ತಾನಾಗಿ ಆಹಾರ ಹುಡುಕಿಕೊಳ್ಳಲೂ ಬಿಡಲಿಲ್ಲ.

ಈ ಹೊಣೆಯರಿವು ಮುಂದೆ ಸಂಸ್ಥೆಯ ರೂಪವನ್ನೂ ಪಡೆಯಿತು. 1260ರಿಂದ 1277ರವರೆಗೆ ಈಜಿಪ್ಟನ್ನು ಆಳಿದ ಮಮ್ಲೂಕ್ ಸುಲ್ತಾನ್ ಬೈಬರ್ಸ್, ಕೈರೋದಲ್ಲಿ ತನ್ನ ಮಸೀದಿಯ ಸಮೀಪದ ತೋಟವೊಂದನ್ನು ಅನಾಥ ಬೆಕ್ಕುಗಳಿಗಾಗಿ ವಕ್ಫ್ ಮಾಡಿದನೆಂದು ಎಡ್ವರ್ಡ್ ವಿಲಿಯಂ ಲೇನ್ 1836ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಶತಮಾನಗಳಲ್ಲಿ ತೋಟ ಕೈಯಿಂದ ಕೈಗೆ ಮಾರಾಟವಾಗಿ, ವರ್ಷಕ್ಕೆ 15 ಪಿಯಾಸ್ಟರ್‌ಗಳ ನೆಲಬಾಡಿಗೆ ಮಾತ್ರ ಉಳಿದಿತ್ತು. ಆದರೂ ವಕ್ಫ್‌ಗಳ ಪಾಲಕನೆಂಬ ಕಾರಣಕ್ಕೆ ಬೆಕ್ಕುಗಳ ಖರ್ಚು ಖಾಝಿಯ ಹೆಗಲೇರಿತು. ಪ್ರತಿದಿನ ಅಪರಾಹ್ನ ನ್ಯಾಯಾಲಯದ ಅಂಗಳದಲ್ಲಿ ಅವುಗಳಿಗೆ ಉಣಿಸಲಾಗುತ್ತಿತ್ತು. ಬೇಡವಾದ ಬೆಕ್ಕನ್ನು ಜನರು ತಂದು ಬಿಡುತ್ತಿದ್ದುದೂ ಅದೇ ಅಂಗಳದಲ್ಲಿ! ಕಾಲಾಂತರದಲ್ಲಿ ಈ ಕರ್ತವ್ಯವೂ ಸಡಿಲವಾಯಿತೆಂದು ಲೇನ್ ಹೇಳುತ್ತಾನೆ. ಹೊಣೆಯನ್ನು ಇತರರ ಅಂಗಳಕ್ಕೆ ತಳ್ಳುವ ಚಾಳಿ ಹೊಸದಲ್ಲ.

ಇಂದು ಈ ಪಾಠ ರೋಮರಹಿತ ಬೆಕ್ಕುಗಳ ವಿಷಯದಲ್ಲಿ ವಿಶೇಷವಾಗಿ ಪ್ರಸ್ತುತವಾಗಿದೆ. 1966ರಲ್ಲಿ ಕೆನಡಾದ ಟೊರೊಂಟೊದಲ್ಲಿ ಸಾಮಾನ್ಯ ಬೆಕ್ಕೊಂದಕ್ಕೆ ರೋಮವಿಲ್ಲದ ಮರಿ ಹುಟ್ಟಿತು. ಅದು ಸಹಜವಾಗಿ ಉಂಟಾದ ಆನುವಂಶಿಕ ಬದಲಾವಣೆ. 'ಸ್ಫಿಂಕ್ಸ್' ಎಂಬ ತಳಿಯ ಚರಿತ್ರೆ ಹೀಗೆ ಆರಂಭವಾಯಿತು. ಅದರ ವಿಚಿತ್ರ ರೂಪಕ್ಕೆ ಮಾರುಹೋಗಿ ಮನೆಗೆ ತರುವವರು ಅದರ ಅಗತ್ಯಗಳನ್ನೂ ಅರಿತಿರಬೇಕು. ರೋಮವಿಲ್ಲದ ಮರಿಗೆ ಚಳಿ ಬೇಗ ತಟ್ಟುತ್ತದೆ; ಬೆಚ್ಚಗಿನ ಹಾಸಿಗೆ ಬೇಕು. ಮೈಯ ಶಾಖ ಬೇಗ ಸೋರುವುದರಿಂದ ಆಹಾರವೂ ಹೆಚ್ಚು ಬೇಕು. ಬಿಸಿಲಿಗೆ ಚರ್ಮ ಸುಡುತ್ತದೆ. ಚರ್ಮದ ಎಣ್ಣೆಯಂಶವನ್ನು ಹೀರಲು ರೋಮವಿಲ್ಲದ ಕಾರಣ ಸುಮಾರು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಬೇಕು, ಕಿವಿಗಳನ್ನೂ ಶುಚಿಗೊಳಿಸಬೇಕು. ಈ ತಳಿಗೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಇರುವುದರಿಂದ ಪಶುವೈದ್ಯರ ತಪಾಸಣೆಯೂ ಅಗತ್ಯ.

ಮೇಲಿನ ಹದೀಸನ್ನು ಈಗ ಮತ್ತೊಮ್ಮೆ ಗಮನಿಸೋಣ. ಆ ಸ್ತ್ರೀಗೆ ಎರಡು ದಾರಿಗಳಿದ್ದವು: ಉಣಿಸುವುದು ಅಥವಾ ಬಿಟ್ಟುಬಿಡುವುದು. ರೋಮವಿಲ್ಲದ ಮರಿಯನ್ನು ತಂದವರಿಗೆ ಎರಡನೆಯ ದಾರಿ ಇಲ್ಲ. ಬೀದಿಯ ಬಿಸಿಲು, ಮಳೆ, ಚಳಿಯಲ್ಲಿ ಅದು ಬದುಕುಳಿಯುವುದು ಕಷ್ಟ. ಅದನ್ನು ಹೊರಗೆ ಬಿಡುವುದು ಬಿಡುಗಡೆಯಲ್ಲ, ಶಿಕ್ಷೆ. ಸಾಕಲು ಅಸಾಧ್ಯವಾದರೆ ಅದನ್ನು ಬಲ್ಲ ಮತ್ತೊಂದು ಮನೆಯ ಕೈಗೆ ಒಪ್ಪಿಸುವುದು ಕರ್ತವ್ಯ. ಅಂತೆಯೇ, ಯಾರೋ ಕೈಬಿಟ್ಟ ಮರಿಯನ್ನು ಅರಿತು, ಸಿದ್ಧರಾಗಿ ದತ್ತು ಪಡೆಯುವವರು ಪಾತ್ರೆ ಬಾಗಿಸಿದ ಅಬೂ ಕತಾದಾರ (ರ) ಹಾದಿಯಲ್ಲಿದ್ದಾರೆ.

ಮಕ್ಕಳು ಬೆಕ್ಕಿನ ಮರಿ ಬೇಕೆಂದು ಹಠ ಹಿಡಿದಾಗ ಹೆತ್ತವರು ಅಬೂಹುರೈರಾರ (ರ) ಕತೆಯ ಜೊತೆ ಆ ಸ್ತ್ರೀಯ ಕತೆಯನ್ನೂ ಹೇಳಲಿ. ನಮ್ಮ ಆಶ್ರಯಕ್ಕೆ ಬಂದ ಮೂಕ ಜೀವಿಗಳ ಹಕ್ಕನ್ನು ಪೂರೈಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.